ಹಗ್ಗ ಕಟ್ಟದ ಸನ್ಮಾನ ಸಮಾರಂಭ

ಸಮಾರಂಭ ಭಾನುವಾರ ಸಂಜೆಗೆ ನಿಗದಿಯಾಗಿತ್ತು. ಶನಿವಾರ ಸ್ನಾನ, ಪೂಜೆ, ಉಪಾಹಾರಗಳನ್ನು ಎಂದಿನ ಹೊತ್ತಿಗೆ ಮುಗಿಸಿ ನಾಸಿಕ್ ರೋಡ್ ಬಡಾವಣೆಯ ವ್ಯಾಯಾಮಶಾಲೆಯ ಮೈದಾನಕ್ಕೆ ಹೋದೆ. ವೇದಿಕೆ, ಕುರ್ಚಿ, ಧ್ವನಿವರ್ಧಕ, ಕುಡಿಯುವ ನೀರು, ಕೊನೆಗೆ ಮಲ್ಲಕಂಬ. ನೋಡಬೇಕಾದದ್ದನ್ನು ಇದೇ ಕ್ರಮದಲ್ಲಿ ನೋಡುತ್ತ ಹೋದೆ. ಮಲ್ಲಕಂಬದವರೆಗೆ ಹೇಳಿಕೊಳ್ಳುವಂಥ ತೊಂದರೆ ಏನೂ ಸಿಗಲಿಲ್ಲ.

ನಮ್ಮದು ಚಿಕ್ಕ ಮಂಡಳಿ. ಬೀದರ್, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕೆಲವರು, ಜೊತೆಗೆ ನೆರೆಹೊರೆಯ ಮರಾಠಿ ಗೆಳೆಯರು. ದಸರೆ ಮುಗಿದ ಮೇಲೆ ಬರುವ ಭಾನುವಾರ ಬಡಾವಣೆಯ ಆಟಗಾರರನ್ನೂ ಅವರಿಗಾಗಿ ಬೆವರು ಸುರಿಸುವ ಸ್ವಯಂಸೇವಕರನ್ನೂ ಕರೆದು ಶಾಲು ಹೊದಿಸುತ್ತೇವೆ, ತೆಂಗಿನಕಾಯಿ, ಸ್ಮರಣಿಕೆ ಕೊಡುತ್ತೇವೆ. ಓಟದ ಸ್ಪರ್ಧೆಗಳಲ್ಲಿ ದಾರಿಯುದ್ದಕ್ಕೂ ನೀರು ಕೊಡುವ ಗೃಹಿಣಿ, ಖೋ-ಖೋ ತಂಡದ ಅಂಗಿಗಳನ್ನು ಹೊಲಿದುಕೊಡುವ ದರ್ಜಿ, ಕೃತಕ ಕಾಲಿನಲ್ಲಿ ನಿಂತು ಗುಂಡು ಎಸೆಯುವ ಪ್ರೆಸ್ಸಿನ ನೌಕರ, ಹೀಗೆ ಬೇರೆ ಎಲ್ಲಿಯೂ ಹೆಸರು ಬಾರದ ಜನ. ಆ ವರ್ಷ ಸ್ವಯಂಸೇವಕರಲ್ಲಿ ಮೊದಲ ಸನ್ಮಾನ ಎಲ್ಲರೂ ‘ವೆಲ್ಡರ್ ಕಾಕಾ’ ಎನ್ನುವವರಿಗೆ. ಆಳಂದ ಕಡೆಯವರು. ಸ್ಟೇಷನ್ನಿನ ಹಿಂದೆ ಗೇಟು, ಗ್ರಿಲ್ಲು ಮಾಡುವ ಅಂಗಡಿ ಇಟ್ಟಿದ್ದಾರೆ. ವ್ಯಾಯಾಮಶಾಲೆಯ ಕಬ್ಬಿಣದ ಕೆಲಸವನ್ನೆಲ್ಲ ಬಹಳ ವರ್ಷಗಳಿಂದ ಬಿಟ್ಟಿಯಾಗಿ ಮಾಡಿಕೊಟ್ಟವರು. ಅವರ ಹೆಸರು ಸೂಚಿಸಿದವನು ನಾನೇ.

ಆಟಗಾರರಲ್ಲಿ ಮುಖ್ಯಳಾದವಳು ಹಗ್ಗದ ಮಲ್ಲಕಂಬದ ಹುಡುಗಿ. ಎತ್ತರದಿಂದ ಇಳಿಬಿಟ್ಟ ಹತ್ತಿಯ ಹಗ್ಗವನ್ನು ಕಾಲಿನ ಹೆಬ್ಬೆರಳ ಸಂದಿಯಲ್ಲಿ ಹಿಡಿದು ಏರಿ, ಎಲ್ಲಿಯೂ ಗಂಟು ಹಾಕದೆ ಬರೀ ಮೈಗೆ ಸುತ್ತಿಕೊಂಡು ಗಾಳಿಯಲ್ಲಿ ಆಸನ ಹಾಕುವ ಆಟ ಅದು. ಸುತ್ತು ಬಿಚ್ಚಿಕೊಂಡು ಮೇಲಿನಿಂದ ಒಮ್ಮೆಲೇ ಕೆಳಗೆ ಜಾರಿ, ನೆಲದಿಂದ ಸ್ವಲ್ಪವೇ ಮೇಲೆ ನಿಲ್ಲುವ ಒಂದು ಪಟ್ಟು ಇದೆ. ಈ ಹುಡುಗಿಯ ಹಾಗೆ ಅದನ್ನು ಮಾಡುವವರು ನಮ್ಮ ಕಡೆ ಬೇರೆ ಇಲ್ಲ. ತಾಯಿ ಹುಮನಾಬಾದಿನವರು, ಪೋಳಿ-ಭಾಜಿ ಕೇಂದ್ರವೊಂದರಲ್ಲಿ ಚಪಾತಿ ಲಟ್ಟಿಸುತ್ತಾರೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ.

ಸಂಭಾಜಿನಗರದ, ಅಂದರೆ ಹಿಂದಿನ ಔರಂಗಾಬಾದಿನ, ಒಂದು ಕ್ರೀಡಾ ವಸತಿ ಕೇಂದ್ರದಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಮಳೆಗಾಲದಲ್ಲಿ ನಡೆದ ಆಯ್ಕೆಗೆ ಹುಡುಗಿ ಮಣಿಕಟ್ಟು ಉಳುಕಿದ್ದರಿಂದ ಹೋಗಲಾಗಿರಲಿಲ್ಲ. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ. ನಮ್ಮ ಅಧ್ಯಕ್ಷರು, ಕಲಬುರಗಿ ಮೂಲದ ಬಟ್ಟೆ ವ್ಯಾಪಾರಿ, ಹತ್ತು ಜನರ ಕೈಕಾಲು ಹಿಡಿದು ಆ ಕೇಂದ್ರದ ಆಯ್ಕೆಗಾರ್ತಿಯನ್ನು ಅತಿಥಿಯಾಗಿ ಬರುವಂತೆ ಒಪ್ಪಿಸಿದ್ದರು. ಭಾನುವಾರ ನಮ್ಮ ಮೈದಾನದಲ್ಲಿ, ನಮ್ಮ ಹಗ್ಗದ ಮೇಲೆ ಆಕೆ ಹುಡುಗಿಯನ್ನು ನೋಡುವುದು, ಮೆಚ್ಚಿದರೆ ಆ ಜಾಗ ಕೊಡುವುದು ಎಂದು ಮಾತಾಗಿತ್ತು.

ನಾನು ಮೈದಾನದ ಮೂಲೆಗೆ ಹೋದಾಗ ವೆಲ್ಡರ್ ಕಾಕಾ ಏಣಿಯ ಮೇಲಿದ್ದರು. ಎರಡು ಕಡೆ ಕಬ್ಬಿಣದ ಕಾಲು, ಮೇಲೆ ಅಡ್ಡ ತೊಲೆ, ತೊಲೆಯ ನಡುವೆ ಬೆಸೆದ ಕಿವಿಯಂಥ ಬಳೆಗೆ ಕೊಕ್ಕೆ, ಕೊಕ್ಕೆಗೆ ಹಗ್ಗ. ಚೌಕಟ್ಟು ಪೂರ್ತಿ ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಕೊಕ್ಕೆಗೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದರು.

“ಬರ್ರಿ ಸಾಹೇಬ್ರ,” ಎಂದು ಮೇಲಿನಿಂದಲೇ ಕೂಗಿದರು. “ನೋಡ್ರಿ, ಮದುವಣಗಿತ್ತಿಗಿ ಶೃಂಗಾರ ಮಾಡ್ದಂಗ ಮಾಡೀನಿ. ಪೂಜಿಗಿ ಒಂದ್ ಕೋಟ್ ಹೊಡ್ದಿದ್ದೆ, ನಾಳಿ ಸಮಾರಂಭ ಅಂತ ಇನ್ನೊಂದ್ ಕೋಟ್.”

ಖಂಡೇನವಮಿಗೆ ಸಾಧನ-ಸಲಕರಣೆಗಳನ್ನು ಪೂಜಿಸುವುದು ಇಲ್ಲಿಯೂ ಇದೆ, ನಮ್ಮ ಕಡೆಯೂ ಇದೆ. ಪೂಜೆಗೆ ಮುನ್ನ ಕಬ್ಬಿಣದ ಸಾಮಾನಿಗೆ ಬಣ್ಣ ಬಳಿಯುತ್ತಾರೆ. ನಾನು ಓಝರ್‌ನ ವಿಮಾನ ಕಾರ್ಖಾನೆಯ ತಪಾಸಣೆಯಲ್ಲಿ ದುಡಿದವನು. ತಪಾಸಣೆ ಮುಗಿಯದ ಭಾಗಕ್ಕೆ ಬಣ್ಣದ ಕುಂಚ ತಾಗಬಾರದು ಎಂಬುದು ಅಲ್ಲಿನ ನಿಯಮ. ಹಾಗಾಗಿ ಹೊಸ ಬಣ್ಣ ಕಂಡಾಗ ನನಗೆ ಸಂತೋಷವಾಗುವುದಿಲ್ಲ. ಕಾಕಾ ಇಳಿದ ಮೇಲೆ ಟಾರ್ಚು ಹಿಡಿದು ನಾನೇ ಏಣಿ ಹತ್ತಿದೆ. ಕೊಕ್ಕೆಯ ಸಲಾಕೆ ಅದರ ತಲೆಯ ಕಬ್ಬಿಣದ ತಟ್ಟೆಗೆ ಬೆಸೆದುಕೊಂಡ ಕಡೆ, ಹೊಚ್ಚ ಹೊಸ ಬೆಳ್ಳಿ ಬಣ್ಣದ ಮೇಲೆ, ಕೂದಲೆಳೆಯಷ್ಟು ತೆಳ್ಳಗೆ ತುಕ್ಕಿನ ಕಂದು ಒಸರಿತ್ತು.

ಬೆಳಿಗ್ಗೆ ಬಳಿದ ಬಣ್ಣ ಮಧ್ಯಾಹ್ನದೊಳಗೆ ತುಕ್ಕು ತೋರಿಸಿದರೆ ಆ ತುಕ್ಕು ಒಳಗಿನಿಂದ ಬಂದದ್ದು.

“ಇದನ್ನ ಇಳಸ್ರಿ ಕಾಕಾ.”

“ಯಾಕ್ರಿ?”

“ಬಣ್ಣ ತೆಗೆದು ನೋಡೋಣ.”

ಅವರ ಮುಖದ ನಗೆ ಹಾಗೆಯೇ ಆರಿತು. “ಪೂಜಿ ಮಾಡಿದ ಸಾಮಾನ ಕೆರೀತೀರೇನ್ರಿ? ಅದೂ ನಾಳಿ ಕಾರ್ಯಕ್ರಮ ಇಟಗೊಂಡು?”

ಆದರೂ ಇಳಿಸಿದರು. ಹೂವಿನ ಮಾಲೆಯನ್ನು ತೆಗೆದು ಕಣ್ಣಿಗೊತ್ತಿಕೊಂಡು ಪಕ್ಕದ ಗಿಡಕ್ಕೆ ಹಾಕಿದರು. ಬಣ್ಣ ತೆಗೆಯಲು ಅಂಗಡಿಯಿಂದ ಗ್ರೈಂಡರ್ ತರಲು ಹೊರಟಾಗ ನಾನು ತಡೆದೆ. ಉಜ್ಜಿದರೆ ಲೋಹವೇ ಸವರಿಕೊಂಡು ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ. ಬಣ್ಣ ಕರಗಿಸುವ ದ್ರಾವಣವನ್ನೇ ಬಳಿದು ಕಾಯಬೇಕು. ಕಾದೆವು. ಬೆಳ್ಳಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಹಸಿರು, ಮತ್ತೆ ಬೆಳ್ಳಿ. ಒಂದೊಂದು ದಸರೆಯ ಬಣ್ಣ ಒಂದೊಂದು ಪದರವಾಗಿ ಎದ್ದು ಬಂತು. ಇಷ್ಟು ವರ್ಷ ಆ ಬೆಸುಗೆಯನ್ನು ಬಣ್ಣವಿಲ್ಲದೆ ಯಾರೂ ನೋಡಿಯೇ ಇರಲಿಲ್ಲ. ವರ್ಷಕ್ಕೊಮ್ಮೆ ಭಕ್ತಿಯಿಂದ ಮುಚ್ಚುತ್ತ ಬಂದಿದ್ದರು.

ಪರಿಚಯದ ಒಂದು ಕಾರ್ಖಾನೆಯಿಂದ ಬಿರುಕು ಪರೀಕ್ಷೆಯ ಮೂರು ಡಬ್ಬಿಗಳನ್ನು ತರಿಸಿದೆ. ಒಂದು ತೊಳೆಯುವುದಕ್ಕೆ, ಒಂದು ಕೆಂಪು ಬಣ್ಣದ್ದು, ಒಂದು ಬಿಳಿ ಪುಡಿಯದ್ದು. ಮೊದಲು ಜಿಡ್ಡು ತೆಗೆದು ಒಣಗಿಸಬೇಕು. ಕೆಂಪು ದ್ರವ ಸಿಂಪಡಿಸಿ, ಅದು ಬಿರುಕಿನೊಳಗೆ ಇಳಿಯುವವರೆಗೆ ಕೈಕಟ್ಟಿ ಕೂರಬೇಕು. ಆಮೇಲೆ ಒರೆಸುವುದು. ತೊಳೆಯುವ ದ್ರವವನ್ನು ಬಟ್ಟೆಗೆ ಹಾಕಿ ಒರೆಸಬೇಕೇ ಹೊರತು ಲೋಹದ ಮೇಲೆ ನೇರ ಸುರಿಯಬಾರದು. ಸುರಿದರೆ ಬಿರುಕಿನೊಳಗೆ ಕೂತದ್ದೂ ಕೊಚ್ಚಿಹೋಗಿ, ಕೆಟ್ಟ ಭಾಗ ಒಳ್ಳೆಯದೆಂದು ಪಾಸಾಗುತ್ತದೆ. ಕೊನೆಗೆ ಬಿಳಿ ಪುಡಿ. ಅದು ಒಣಗುತ್ತಿದ್ದಂತೆ ಒಳಗಿದ್ದ ಕೆಂಪನ್ನು ಹೊರಗೆ ಹೀರುತ್ತದೆ.

ನಾವಿಬ್ಬರೂ ಹೆಂಚಿನ ಚಪ್ಪರದ ಕೆಳಗೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆವು. ಬಿಳಿಯ ಮೇಲೆ ಮೊದಲು ಒಂದು ಚುಕ್ಕೆ ಬಂತು, ಅದರ ಪಕ್ಕ ಇನ್ನೊಂದು. ಚುಕ್ಕೆಗಳು ಕೂಡಿಕೊಂಡು ಗೆರೆಯಾದವು. ಗೆರೆ ಬೆಸುಗೆಯ ಅಂಚನ್ನು ಹಿಡಿದು ಸಲಾಕೆಯ ಸುತ್ತ ಹೆಚ್ಚುಕಡಿಮೆ ಅರ್ಧದವರೆಗೆ ನಡೆದು ನಿಂತಿತು.

ಕಾಕಾ ಗೆರೆಯ ಹತ್ತಿರಕ್ಕೆ ಬಗ್ಗಿದರು. ಆಮೇಲೆ ಮೆಲ್ಲಗೆ, “ಇದು ನನ್ನ ಕೈಯಾಂದೇ ಬೆಸುಗಿ ಅದರಿ,” ಎಂದರು.

ಅಷ್ಟರಲ್ಲಿ ಹುಡುಗಿ ಅಭ್ಯಾಸಕ್ಕೆ ಬಂದಳು. ಸೈಕಲ್ಲಿನ ಸ್ಟ್ಯಾಂಡ್ ಹಾಕುತ್ತ, ಹಗ್ಗ ಎಲ್ಲಿ ಎಂದು ದೂರದಿಂದಲೇ ಕೈಸನ್ನೆ ಮಾಡಿ ಕೇಳಿದಳು. ಕಾಕಾ ನನ್ನ ಮುಂಗೈ ಹಿಡಿದರು.

“ಸಾಹೇಬ್ರ, ಪೋರಿಗಿ ತೋರಿಸ್ಬ್ಯಾಡ್ರಿ. ಅಂಜಿಕಿ ಕೂಡ್ತದ. ಬಣ್ಣ ಒಣಗಿಲ್ಲ ಅಂತ ಹೇಳಿ ಮನಿಗಿ ಕಳಸ್ರಿ.”

ನಾನು ಒಪ್ಪಲಿಲ್ಲ. ಅಪಾಯ ಯಾರದೋ ಅವರಿಗೆ ಸಂಗತಿ ಪೂರ್ತಿ ಗೊತ್ತಿರಬೇಕು ಎಂಬುದು ನನ್ನ ನಿಯಮ. ಅವಳನ್ನು ಕೂರಿಸಿ, ಕೊಕ್ಕೆ ಕೈಗೆ ಕೊಟ್ಟು, ಗೆರೆ ತೋರಿಸಿ, ಅದರ ಅರ್ಥವನ್ನು ಶಾಂತವಾಗಿ ವಿವರಿಸಿದೆ. ಅವಳು ಬೆರಳಿಂದ ಗೆರೆಯನ್ನು ಮುಟ್ಟಿದಳು. ಕೆಂಪು ಬೆರಳಿಗೆ ಅಂಟಿತು.

“ಕಧೀಪಾಸೂನ, ಆಜೋಬಾ?” ಎಂದಳು. ಯಾವಾಗಿನಿಂದ ಇದೆ ಇದು, ಅಜ್ಜ?

“ಗೊತ್ತಿಲ್ಲ,” ಎಂದೆ. ನಿನ್ನೆ ಸಂಜೆಯೂ ಅವಳು ಅದೇ ಕೊಕ್ಕೆಯ ಕೆಳಗೆ ಆ ಜಾರುವ ಪಟ್ಟನ್ನು ಮತ್ತೆ ಮತ್ತೆ ಮಾಡಿದ್ದಳು. ಬೆರಳನ್ನು ಟ್ರ್ಯಾಕ್‌ಪ್ಯಾಂಟಿಗೆ ಒರೆಸಿಕೊಂಡು ತಲೆಯೆತ್ತಿ ಬರಿದಾದ ತೊಲೆಯನ್ನು ನೋಡಿದಳು.

ಮೊದಲ ಉಪಾಯವೆಂದರೆ ಕೊಕ್ಕೆ ಬದಲಿಸುವುದು. ಬಿರುಕನ್ನು ಕಡಿದು ಹೊಸದಾಗಿ ಬೆಸೆಯುತ್ತೇನೆ ಎಂದು ಕಾಕಾ ಹೇಳಿದ್ದನ್ನು, ಒಮ್ಮೆ ಬಿರಿದ ಕಬ್ಬಿಣವನ್ನು ನಂಬಲಾಗದೆಂದು ನಾನು ತಳ್ಳಿಹಾಕಿದೆ. ಡಬ್ಬಿ ಕೊಟ್ಟ ಕಾರ್ಖಾನೆಯವರೇ ಭಾರ ಎತ್ತುವ ಸರಪಳಿಯ, ತಪಾಸಣೆಯ ಮುದ್ರೆಯೊತ್ತಿದ ಒಂದು ಕೊಕ್ಕೆಯನ್ನು ಎರವಲು ಕೊಟ್ಟರು. ಕಾಕಾ ಅದನ್ನು ಎದೆಗವಚಿಕೊಂಡು ತಂದರು. ಆದರೆ ಕೊಕ್ಕೆಯನ್ನು ನೇತುಹಾಕಬೇಕಾದ ಕಿವಿಯೂ ಅದೇ ಕಾಲದಲ್ಲಿ ಬೆಸೆದದ್ದು. ಅದರ ಬಣ್ಣವನ್ನೂ ತೆಗೆದು, ಮೂರೂ ಡಬ್ಬಿಗಳ ವಿಧಿಯನ್ನು ಮೊದಲಿನಿಂದ ಮಾಡಿದೆ. ಅಲ್ಲಿಯೂ ಕೆಂಪು ಬಂತು. ಗೆರೆ ಚಿಕ್ಕದು. ಚಿಕ್ಕದಾದರೂ ಗೆರೆಯೇ. ಹಗ್ಗವನ್ನು ತೊಲೆಗೇ ಸುತ್ತೋಣವೆಂದರೆ ತೊಲೆಯ ಬೆಸುಗೆಗಳೂ ಅದೇ ಕಾಲದವು.

ಸಂಜೆ ಅಧ್ಯಕ್ಷರು ಓಡಿಬಂದರು. ಹೆಗಲಲ್ಲಿ ಮಾರನೆಯ ದಿನದ ಶಾಲುಗಳ ಗಂಟು.

“ಏನ್ ಹಚ್ಚೀರಿ ಸಾಹೇಬ್ರ? ಇಷ್ಟು ವರ್ಷ ಹುಡುಗ್ರು ಜೋತು ಬಿದ್ದು ಆಡ್ಯಾರ, ಏನಾಗ್ಯಾದ? ನಾಳಿ ಒಂದ್ ದಿವಸ ತಡೀತದ ಬಿಡ್ರಿ.”

“ತಡೀತದ ಅಂತ ನೀವ್ ಹ್ಯಾಂಗ ಹೇಳ್ತೀರಿ?”

“ದೇವರು ಅದಾನ್ರಿ.”

“ದೇವರು ಇಷ್ಟು ದಿನ ತಡದಾನ. ಇನ್ನ ನಮ್ಮ ಪಾಳಿ.”

“ಆ ಆಯ್ಕಿ ಮಾಡೋ ಬಾಯಿ ಸಂಭಾಜಿನಗರದಿಂದ ಬರ್ಲಿಕತ್ಯಾಳ್ರಿ! ಕೇಂದ್ರದಾಗ ಒಂದೇ ಸೀಟು ಉಳದದ. ಆ ಪೋರಿದು ಜೀವನದ ಪ್ರಶ್ನಾ ಅದ.”

“ಅದನ್ನೇ ನಾನೂ ಹೇಳೋದು,” ಎಂದೆ.

ಅಧ್ಯಕ್ಷರು ಗಂಟನ್ನು ಕುರ್ಚಿಯ ಮೇಲೆ ಎಸೆದರು. ಅವರು ಕೆಟ್ಟವರಲ್ಲ. ಹುಡುಗಿಗಾಗಿ ಅವರು ಪಟ್ಟ ಪಾಡನ್ನು ನಾನೇ ನೋಡಿದ್ದೆ. ಇಂಥವರು ನಾಳೆ ಕೊನೆಯ ಗಳಿಗೆಯಲ್ಲಿ, ನಾನು ಅತ್ತ ತಿರುಗಿದಾಗ, ಯಾರ ಕೈಯಲ್ಲಾದರೂ ಹಗ್ಗ ಕಟ್ಟಿಸಿಬಿಟ್ಟಾರು ಎಂದು ನನಗೆ ಅನಿಸಿತು. ಆಗ ನಿರ್ಧಾರ ಮಾಡಿದೆ. ಚೌಕಟ್ಟು ನಿಂತಿರುವವರೆಗೆ ಆಸೆಯೂ ನಿಂತಿರುತ್ತದೆ, ಆದ್ದರಿಂದ ಚೌಕಟ್ಟನ್ನೇ ಕೆಳಗೆ ಮಲಗಿಸಬೇಕು. ಬೋಲ್ಟು ಬಿಚ್ಚಲು ಕಾಕಾನನ್ನೇ ಕೇಳಿದೆ. ತಾವು ನಿಲ್ಲಿಸಿದ್ದನ್ನು ತಾವೇ ಬಿಚ್ಚಿದರು. ಪಾನಾಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಭಾನುವಾರ ಸಂಜೆ ಮೈದಾನ ತುಂಬಿತ್ತು. ಮುಖ್ಯ ಅತಿಥಿ ಎಂದಿನಂತೆ ತಡ, ಆಯ್ಕೆಗಾರ್ತಿ ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಕೂತಿದ್ದರು. ಗೃಹಿಣಿಗೆ, ದರ್ಜಿಗೆ, ಗುಂಡು ಎಸೆಯುವವರಿಗೆ ಶಾಲು ಬಿತ್ತು. ಗುಂಡು ಎಸೆಯುವವರು ತೆಂಗಿನಕಾಯಿಯನ್ನು ಅಂಗೈಯಲ್ಲಿ ತೂಗಿ ಎಸೆಯುವ ಭಂಗಿ ಮಾಡಿದಾಗ ಮುಂದಿನ ಸಾಲಿನವರು ನಗುತ್ತ ತಲೆ ಬಗ್ಗಿಸಿದರು. ಹುಡುಗಿಯ ಹಣೆಗೆ ಕುಂಕುಮವಿಟ್ಟು ಸ್ಮರಣಿಕೆ ಕೊಟ್ಟಾಗ ಚಪ್ಪಾಳೆ ಜೋರಾಗಿಯೇ ಕೇಳಿತು. ವೆಲ್ಡರ್ ಕಾಕಾನ ಹೆಸರನ್ನು ಎರಡು ಬಾರಿ ಕೂಗಿದರು. ಕುರ್ಚಿ ಖಾಲಿ. ಯಾರೋ ಹಿಂದಿನಿಂದ, “ಕಾಕಾ ಶಾಲಿನ ಮ್ಯಾಲೂ ಬಣ್ಣ ಹೊಡ್ದಾರೇನ್ ನೋಡ್ರಿ,” ಎಂದ. ಸುದ್ದಿ ಆಗಲೇ ಹಬ್ಬಿತ್ತು. ನಾನು ಧ್ವನಿವರ್ಧಕದ ಮುಂದೆ ನಿಂತು, ಚೌಕಟ್ಟಿನಲ್ಲಿ ಬಿರುಕು ಇದೆ, ಹಗ್ಗದ ಪ್ರದರ್ಶನ ಇಲ್ಲ, ಬಿರುಕು ಸಿಕ್ಕಿದ್ದು ಕಾಕಾ ಕೊಕ್ಕೆ ಇಳಿಸಿ ಕೊಟ್ಟಿದ್ದರಿಂದ ಎಂದು ಮೂರು ಮಾತು ಹೇಳಿ ಕೆಳಗಿಳಿದೆ.

ಆಯ್ಕೆಗಾರ್ತಿಗೆ ಕೋಪ ಬಂದಿತ್ತು. “ಇಷ್ಟು ದೂರ ಬಂದದ್ದು ಹಾರ ಹಾಕಿಸಿಕೊಳ್ಳುವುದಕ್ಕಾ?” ಎಂದು ಹಿಂದಿಯಲ್ಲಿ ಕೇಳಿದರು. ನಾನು ಅವರನ್ನು ವೇದಿಕೆಯ ಹಿಂದೆ ಕರೆದೊಯ್ದು ಹುಲ್ಲಿನ ಮೇಲೆ ಮಲಗಿದ್ದ ಚೌಕಟ್ಟನ್ನೂ ಕೊಕ್ಕೆಯನ್ನೂ ತೋರಿಸಿದೆ. ಬಗ್ಗಿ ನೋಡಿದರು. ದನಿ ಇಳಿಯಿತು. ಬುಧವಾರ ಹೆಸರಿನ ಪಟ್ಟಿ ಮೇಲಧಿಕಾರಿಗಳಿಗೆ ಹೋಗುತ್ತದೆ, ಮಂಗಳವಾರ ಹುಡುಗಿಯನ್ನು ಕೇಂದ್ರಕ್ಕೇ ಕರೆತನ್ನಿ, ಒಂದು ಸಲ ಮಾತ್ರ ನೋಡುತ್ತೇನೆ, ಎಲ್ಲರಿಗೂ ಒಂದೇ ಸಲ, ಎಂದರು.

ಮಂಗಳವಾರ ಮುಂಜಾನೆ ಬಸ್ ನಿಲ್ದಾಣದಲ್ಲಿ ನಾನು, ಹುಡುಗಿ, ಅವಳ ತಾಯಿ ನಿಂತಿದ್ದಾಗ ಕಾಕಾ ಕೈಚೀಲ ಹಿಡಿದು ಬಂದರು. ಎರಡು ದಿನದ ಗಡ್ಡ.

“ನಾನೂ ಬರ್ತೀನಿ.”

“ನೀವ್ಯಾಕ್ರಿ ಕಾಕಾ ಅಷ್ಟು ದೂರ?” ಎಂದರು ತಾಯಿ.

“ಅಲ್ಲೀ ಕೊಕ್ಕಿ ಯಾರ್ ನೋಡ್ಯಾರವಾ?” ಎನ್ನುತ್ತ ಮೊದಲು ಬಸ್ಸು ಹತ್ತಿ ನಮಗೆಲ್ಲ ಸೀಟು ಹಿಡಿದರು.

ಕೇಂದ್ರದ ಒಳಾಂಗಣ ದೊಡ್ಡದು. ಕೊಕ್ಕೆ ಛಾವಣಿಯ ಉಕ್ಕಿನ ತೊಲೆಗೆ ಬೋಲ್ಟಿನಿಂದ ಬಿಗಿದದ್ದು, ಬೆಸುಗೆ ಇಲ್ಲವೇ ಇಲ್ಲ. ತಪಾಸಣೆಯ ಚೀಟಿ ಗೋಡೆಯ ಮೇಲಿತ್ತು. ಓದಿದೆ, ತೃಪ್ತಿಯಾಯಿತು, ಸುಮ್ಮನೆ ಹೋಗಿ ಬೆಂಚಿನ ಮೇಲೆ ಕೂತೆ.

ಹುಡುಗಿ ನಮಸ್ಕರಿಸಿ ಹಗ್ಗ ಹಿಡಿದಳು. ಏರುವಾಗ ಕಾಲ್ಬೆರಳ ಹಿಡಿತ ಸರಿಯಾಗಿಯೇ ಇತ್ತು. ಮೊದಲ ಆಸನ, ಎರಡನೆಯದು, ತಲೆಕೆಳಗಾಗಿ ನಿಲ್ಲುವುದು, ಎಲ್ಲ ಅಚ್ಚುಕಟ್ಟು. ನಾನು ನೋಡಿದ್ದೆಲ್ಲಕ್ಕಿಂತ ಚೆನ್ನಾಗಿತ್ತೆಂದೇ ಹೇಳಬೇಕು. ಮೇಲೆ ತಲುಪಿ, ಜಾರುವ ಪಟ್ಟಿಗೆ ಹಗ್ಗ ಸುತ್ತಿಕೊಂಡಳು. ಕೈ ಬಿಡಬೇಕು. ಬಿಡುವ ಮುನ್ನ ಕತ್ತೆತ್ತಿ ಕೊಕ್ಕೆಯನ್ನು ನೋಡಿದಳು. ಇಷ್ಟು ವರ್ಷಗಳಲ್ಲಿ ಅವಳು ಮೇಲೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಮತ್ತೊಮ್ಮೆ ನೋಡಿದಳು. ಬೆರಳುಗಳು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡವು. ಸುತ್ತು ಬಿಚ್ಚಿಕೊಂಡು ಒಂದೊಂದೇ ಕೈ ಹಾಕುತ್ತ, ಬಾವಿಗೆ ಇಳಿಯುವವರ ಹಾಗೆ ನೆಲಕ್ಕೆ ಬಂದಳು.

ಆಯ್ಕೆಗಾರ್ತಿ ಪೆನ್ನಿನ ಮುಚ್ಚಳ ಹಾಕಿದರು.

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಎದ್ದು ನಿಂತೆ. ಕಾಕಾ ಮಾತ್ರ ಚಪ್ಪಲಿ ಬಿಟ್ಟು, ಯಾರ ಅಪ್ಪಣೆಯನ್ನೂ ಕೇಳದೆ ಚಾಪೆಯ ಮೇಲೆ ನಡೆದುಹೋದರು. ಹೊಟ್ಟೆ ಬಂದ, ಅರವತ್ತು ದಾಟಿದ ಮನುಷ್ಯ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಾಲು ಮಡಚಿ ಜೋತುಬಿದ್ದರು. ಅಂಗಿ ಮೇಲೇರಿ ಹೊಟ್ಟೆ ಕಂಡಿತು. ಸಾಲದೆಂಬಂತೆ ಮೈಯನ್ನು ಜಗ್ಗಿ ಜಗ್ಗಿ ಹಗ್ಗಕ್ಕೆ ಹೊಡೆತ ಕೊಟ್ಟರು. ಗೋಡೆಯ ಬದಿ ನಿಂತಿದ್ದ ಕೇಂದ್ರದ ಹುಡುಗಿಯರು ಕಿಸಕ್ಕನೆ ನಕ್ಕರು.

“ನೋಡವಾ,” ಎಂದರು ಏದುಸಿರು ಬಿಡುತ್ತ. “ನನ್ನಂಥಾ ಕ್ವಾಣಾ ಜೋತು ಬಿದ್ರೂ ಹಂದಾಡವಲ್ದು. ನಿಂದೇನ್ ತೂಕ ಅದ, ಗುಬ್ಬಿ ಅದಿ. ಏರು.”

ಹುಡುಗಿ ಅವರನ್ನೇ ನೋಡುತ್ತಿದ್ದಳು. ನಗು ಬಂತೋ ಅಳು ಬಂತೋ ಹೇಳಲಾರೆ. ಕಾಕಾ ಕೈ ಬಿಟ್ಟ ಕೂಡಲೇ ಹಗ್ಗ ಹಿಡಿದು ಏರಿದಳು. ಮೇಲೆ ಸುತ್ತಿಕೊಂಡಳು, ಕೈ ಬಿಟ್ಟಳು. ಜಾರಿ ಬಂದು ನೆಲದಿಂದ ಒಂದು ಗೇಣು ಮೇಲೆ ತಡೆದು ನಿಂತಾಗ ಹಗ್ಗ ಠಪ್ಪೆಂದಿತು. ನಕ್ಕಿದ್ದ ಹುಡುಗಿಯರೇ ಚಪ್ಪಾಳೆ ಹೊಡೆದರು.

ಆಯ್ಕೆಗಾರ್ತಿಯೂ ಎದ್ದು ನಿಂತಿದ್ದರು. ಹತ್ತಿರ ಬಂದು ಅವಳ ಬೆನ್ನು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, “ಎರಡನೆಯದು ಬಹಳ ಚೆನ್ನಾಗಿತ್ತು. ಆದರೆ ನಾನು ಬರೆಯಬೇಕಾದದ್ದು ಮೊದಲನೆಯದನ್ನು. ಉಳಿದ ಹುಡುಗಿಯರಿಗೂ ಹೀಗೆಯೇ ಮಾಡಿದ್ದೇನೆ,” ಎಂದರು.

ಕಾಕಾ ಕೈಮುಗಿದು ಹಿಂದಿ, ಮರಾಠಿ, ಕನ್ನಡ ಮೂರನ್ನೂ ಕಲಸಿ ಬೇಡಿಕೊಂಡರು. ತಪ್ಪು ತಮ್ಮ ಬೆಸುಗೆಯದು, ಹುಡುಗಿಯದಲ್ಲ ಎಂದರು. ನನ್ನ ಕಡೆ ನೋಡಿ, “ನೀವೂ ಒಂದ್ ಮಾತ ಹೇಳ್ರಲಾ ಸಾಹೇಬ್ರ,” ಎಂದರು. ನಾನು ಹೇಳಿದೆ. ಜೀವನದಲ್ಲಿ ಮೊದಲ ಸಲ ನಿಯಮದಿಂದ ವಿನಾಯಿತಿ ಕೇಳಿದೆ. ನಾನು ಆ ಕುರ್ಚಿಯಲ್ಲಿ ಕೂತಿದ್ದರೆ ಏನು ಉತ್ತರ ಕೊಡುತ್ತಿದ್ದೆನೋ ಅದೇ ಉತ್ತರವನ್ನು, ಅಷ್ಟೇ ಸೌಜನ್ಯದಿಂದ, ಆಕೆ ಕೊಟ್ಟರು.

ಮರಳುವ ದಾರಿಯಲ್ಲಿ ವೈಜಾಪುರ ಬಂತು. ಅಲ್ಲಿ ಬಸ್ಸು ನಿಂತಾಗ ಕಾಕಾ ಚಹಾ ತರಲು ಇಳಿದರು. ತಾಯಿಯೂ ಇಳಿದರು. ಹುಡುಗಿ ಕಿಟಕಿಗೆ ಒರಗಿ ಕೂತಿದ್ದಳು. ಬಿರುಕು ತೋರಿಸಿದ್ದಕ್ಕೆ ನನ್ನ ಮೇಲೆ ಸಿಟ್ಟೇ ಎಂದು ನೇರವಾಗಿ ಕೇಳಿದೆ. ಸುತ್ತಿ ಬಳಸಿ ಕೇಳುವುದು ನನಗೆ ಬಾರದು.

ಅವಳು ಕನ್ನಡದಲ್ಲಿಯೇ ಉತ್ತರ ಕೊಡಲು ನೋಡಿದಳು. ಪದ ಹುಡುಕುತ್ತ, ನಿಧಾನವಾಗಿ.

“ಸಿಟ್ಟು ನಾಹೀ, ಆಜೋಬಾ. ತೋರಿಸಿದ್ದು ಛೊಲೋ ಆಯ್ತು. ಖರಾಬ್ ಇರೋದು ನೀವು ತೋರಿಸಿದ್ರಿ. ಆದ್ರ ಅಲ್ಲಿದು ಛೊಲೋ ಅದ, ಅದು ಯಾರೂ ತೋರಿಸಿಲ್ಲ. ನೀವು ಚೀಟಿ ಓದಿದ್ರಿ, ಕೂತ್ರಿ. ಕಾಕಾ ಜೋತು ಬಿದ್ರಲ್ಲ, ತೇ ಪಹಿಲೇ ಆಗ್ಬೇಕಿತ್ತು.”

ಅದು ಮೊದಲೇ ಆಗಬೇಕಿತ್ತು.

ಕಾಕಾ ಕಾಗದದ ಲೋಟಗಳನ್ನು ಒಂದರ ಮೇಲೊಂದು ಅಡ್ಡಾದಿಡ್ಡಿ ಹಿಡಿದು, ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡು ಬಸ್ಸು ಹತ್ತಿದರು. ಅವಳು ಎದ್ದು ಹೋಗಿ ಅವರ ಕೈಯಿಂದ ಲೋಟಗಳನ್ನು ತೆಗೆದುಕೊಂಡಳು. ಒಂದನ್ನು ನನಗೆ ಕೊಟ್ಟು, ನನ್ನ ಪಕ್ಕದ ಸೀಟು ಬಿಟ್ಟು ಕಾಕಾನ ಪಕ್ಕ ಕೂತಳು.